ಬೆಂಕಿಯಣ್ಣನ ಸುಟ್ಟ ಭಾನುವಾರ

ಬೇಸಿಗೆಯ ಒಂದು ಭಾನುವಾರ ಬೆಂಕಿಯಣ್ಣನ ಹಿತ್ತಲಿನಿಂದ ಹೊಗೆ ಎದ್ದರೆ ಅಕ್ಕಪಕ್ಕದವರು ಗಾಬರಿಯಾಗುವುದಿಲ್ಲ, ಒಣಗಹಾಕಿದ ಬಟ್ಟೆ ಒಳಗೆ ತೆಗೆದುಕೊಳ್ಳುತ್ತಾರೆ. ಅಂದು ಅವನ ಮನೆಯಲ್ಲಿ ಬಾರ್ಬೆಕ್ಯೂ. ಹಾಗೆಂದು ಕರೆಯುವವನು ಅವನೊಬ್ಬನೇ. ಬರುವವರೆಲ್ಲ ಅದಕ್ಕೆ ಇಟ್ಟ ಹೆಸರು ‘ಸುಟ್ಟ ಭಾನುವಾರ’. ಉದ್ದಕ್ಕೆ ಸೀಳಿದ ಎಣ್ಣೆ ಡ್ರಮ್ಮು, ಅದರೊಳಗೆ ಇದ್ದಿಲು, ಮೇಲೊಂದು ಕಬ್ಬಿಣದ ಜಾಲರಿ, ಜಾಲರಿಯ ಮೇಲೆ ಜೋಳದ ತೆನೆ, ಆಲೂಗಡ್ಡೆ, ಕೋಳಿಕಾಲು. ಪಕ್ಕದಲ್ಲಿ ಇಕ್ಕಳ ಹಿಡಿದು, ಯಾವುದನ್ನು ಯಾವಾಗ ಮಗುಚಬೇಕೆಂದು ತಿಳಿಯದೆ ಬೆವರು ಒರೆಸಿಕೊಳ್ಳುವ ಬೆಂಕಿಯಣ್ಣ. ಎಲ್ಲವೂ ಒಂದು ಮಗ್ಗುಲು ಕರಿ, ಇನ್ನೊಂದು ಮಗ್ಗುಲು ಹಸಿ. ತಿಳಿದವರು ಮನೆಯಲ್ಲೇ ಒಂದಿಷ್ಟು ಹೊಟ್ಟೆಗೆ ಹಾಕಿಕೊಂಡು ಬರುತ್ತಿದ್ದರು.

ಬಿಸ್ಕತ್ತು ಕಾರ್ಖಾನೆಯ ಒಲೆಯನ್ನು ಅರ್ಧ ಆಯುಷ್ಯ ನೋಡಿಕೊಂಡವನಿಗೆ ಒಂದು ಆಲೂಗಡ್ಡೆ ಸುಡಲು ಬರುವುದಿಲ್ಲ ಎಂದರೆ ಯಾರಾದರೂ ನಂಬುತ್ತಾರೆಯೇ? ಆದರೆ ಅಲ್ಲಿ ಅವನು ಬೆಂಕಿಯ ಮುಖ ನೋಡಿದವನೇ ಅಲ್ಲ. ಅಲ್ಲಿನ ಒಲೆ ಎಂದರೆ ಎರಡು ರೈಲು ಬೋಗಿಯಷ್ಟು ಉದ್ದದ ಉಕ್ಕಿನ ಸುರಂಗ. ಒಂದು ತುದಿಯಲ್ಲಿ ಹಸಿ ಬಿಲ್ಲೆಗಳು ಪಟ್ಟಿಯ ಮೇಲೆ ಒಳಗೆ ಹೋಗುತ್ತಿದ್ದವು, ಇನ್ನೊಂದು ತುದಿಯಲ್ಲಿ ಬಿಸ್ಕತ್ತಾಗಿ ಹೊರಗೆ ಬರುತ್ತಿದ್ದವು. ನಡುವೆ ನಿಂತು ಗಾಜಿನ ಹಿಂದಿನ ಕಾವಿನ ಮುಳ್ಳು ನೋಡುವುದು, ತಿರುಗಣಿ ತಿರುಗಿಸುವುದು, ಇಷ್ಟೇ ಅವನ ಕೆಲಸ.

“ಜೀವನಪೂರ್ತಿ ಒಲೆ ಮುಂದೆ ನಿಂತಿದ್ದು ಸಾಲದಾ ನಿಮಗೆ? ವರ್ಷಕ್ಕೊಂದು ಸಲ ಹಿತ್ತಲಲ್ಲೂ ನಿಲ್ಲಬೇಕಾ?” ಎಂದು ಹೆಂಡತಿ ಕೇಳುತ್ತಿದ್ದಳು.

“ಅಲ್ಲಿ ಸಂಬಳಕ್ಕೆ ನಿಂತೆ. ಇಲ್ಲಿ ಸಂತೋಷಕ್ಕೆ.”

“ಅಲ್ಲಿ ಸುಡ್ತಿರಲಿಲ್ಲ. ಇಲ್ಲಿ ಸುಡ್ತೀರಿ. ನಿಮ್ಮ ಸಂತೋಷ ನಮ್ಮ ಹಲ್ಲಿಗೆ ಬಂತು.”

ಸುಡುತ್ತಿರಲಿಲ್ಲ ಎಂಬುದು ನಿಜ. ಆದರೆ ಅದು ಅವನೊಬ್ಬನ ಜಾಣತನವಲ್ಲ. ಒಲೆಯ ಆಚೆ ತುದಿಯಲ್ಲಿ, ಬಿಸ್ಕತ್ತು ಹೊರಬೀಳುವ ಕಡೆ, ಪ್ಯಾಕಿಂಗ್ ವಿಭಾಗದಲ್ಲಿದ್ದು ‘ಡಬ್ಬಿ’ ಎಂದೇ ಹೆಸರಾದ ಗೆಳೆಯ ನಿಂತಿರುತ್ತಿದ್ದ. ಯಂತ್ರಗಳ ಗದ್ದಲದಲ್ಲಿ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳದು. ಹಾಗಾಗಿ ಡಬ್ಬಿ ಕೈಯಲ್ಲಿ ಮಾತಾಡುತ್ತಿದ್ದ. ಬಿಸ್ಕತ್ತಿನ ಬಣ್ಣ ಏರಿದರೆ ಅಂಗೈ ಕೆಳಗೆ ಮಾಡಿ ಎರಡು ಸಲ ಅದುಮುವನು: ಕಾವು ಇಳಿಸು. ಬಣ್ಣ ಪೇಲವವಾದರೆ ಬೆರಳು ಮೇಲೆ. ಇಬ್ಬರೂ ಒಂದೇ ವಾರ ಕೆಲಸಕ್ಕೆ ಸೇರಿದ, ಮೀಸೆ ಚಿಗುರುತ್ತಿದ್ದ ಹುಡುಗರು. ಮುಂಜಾನೆಯ ಪಾಳಿ ಮುಗಿಸಿ ಒಂದೇ ಸೈಕಲ್ಲಿನಲ್ಲಿ ಮನೆಗೆ ಬರುವಾಗ ಮೈಯೆಲ್ಲ ಬೆಣ್ಣೆ, ಸಕ್ಕರೆ ಪರಿಮಳ. ಬೀದಿನಾಯಿಗಳು ಮೂಲೆಯವರೆಗೂ ಬಾಲ ಆಡಿಸುತ್ತ ಜೊತೆಗೆ ಬರುತ್ತಿದ್ದವು. ಒಡೆದ ಬಿಸ್ಕತ್ತನ್ನು ಚೀಲಗಟ್ಟಲೆ ಮನೆಗೆ ಕೊಡುತ್ತಿದ್ದರು. ಎರಡೂ ಮನೆಯ ಮಕ್ಕಳು ಬಿಸ್ಕತ್ತು ಕಂಡರೆ ಓಡಿಹೋಗುವ ಮಕ್ಕಳಾಗಿ ಬೆಳೆದವು.

ಆಮೇಲೆ ಮುಷ್ಕರ ಬಂತು. ಪಾಳಿಯ ಹೊತ್ತು ಹೆಚ್ಚಿಸಿ ಸಂಬಳ ಇದ್ದಲ್ಲೇ ಇಟ್ಟ ಮಾಲೀಕರ ಮೇಲೆ ಇಡೀ ಕಾರ್ಖಾನೆ ಹೊರಗೆ ಬಂದು ಗೇಟಿನ ಮುಂದೆ ಕೂತಿತು. ಮಾಲೀಕರಿಗೇನು, ಊಟ ತಪ್ಪಲಿಲ್ಲ, ನಿದ್ದೆಯೂ ತಪ್ಪಲಿಲ್ಲ. ಕಾದರು. ಹಸಿವು ತಮ್ಮ ಪರವಾಗಿ ದುಡಿಯುತ್ತದೆ, ಅದಕ್ಕೆ ಸಂಬಳವನ್ನೂ ಕೊಡಬೇಕಾಗಿಲ್ಲ ಎಂದು ಅವರಿಗೆ ಗೊತ್ತಿತ್ತು. ಮೂರನೆಯ ತಿಂಗಳು ಒಂದು ಬೆಳಿಗ್ಗೆ ಡಬ್ಬಿ, ಕೂತವರ ನಡುವಿನಿಂದಲೇ ತಲೆತಗ್ಗಿಸಿ ನಡೆದು ಗೇಟಿನೊಳಗೆ ಹೋದ. ಬೆಂಕಿಯಣ್ಣನ ಮೊಣಕಾಲಿಗೆ ಅವನ ಪ್ಯಾಂಟು ತಾಗಿತು. ಮರುದಿನ ಇಬ್ಬರು ಹೋದರು, ಆ ವಾರ ಇಪ್ಪತ್ತು ಜನ, ಆಮೇಲೆ ಲೆಕ್ಕ ಇಡುವವರೂ ಒಳಗೆ ಹೋದರು. ಕೊನೆಯ ದಿನದವರೆಗೂ ಹೊರಗೆ ಉಳಿದ ನಾಲ್ಕಾರು ಮಂದಿಯಲ್ಲಿ ಬೆಂಕಿಯಣ್ಣ ಒಬ್ಬ. ಮುಷ್ಕರ ಸೋತು ಅವರೂ ಕೆಲಸಕ್ಕೆ ಮರಳಿದರು. ಎರಡು ವರ್ಷ ಕಳೆಯುವುದರೊಳಗೆ ಮಾಲೀಕರು ಕಾರ್ಖಾನೆಯನ್ನೇ ಮಾರಿಕೊಂಡರು. ಒಳಗೆ ಹೋದವರೂ ಹೊರಗೆ ನಿಂತವರೂ ಒಂದೇ ದಿನ ಬೀದಿಗೆ ಬಿದ್ದರು. ಈಗ ಅಲ್ಲಿ ಕಾರು ನಿಲ್ಲಿಸುವ ಕಟ್ಟಡವಿದೆ. ಅಷ್ಟು ಜನ ಬೆವರಿದ ಜಾಗದಲ್ಲಿ ಕಾರುಗಳು ನೆರಳಿನಲ್ಲಿ ನಿಂತಿರುತ್ತವೆ.

ಮಾಲೀಕರನ್ನು ಬೈಯಲು ಅವರು ಕೈಗೆ ಸಿಗುವವರಲ್ಲ. ಡಬ್ಬಿ ಸಿಗುತ್ತಿದ್ದ, ಎರಡು ಬೀದಿ ಆಚೆಗೆ. ಮೊದಲು ಹೋದವನು ಇವನು ಎಂದು ಊರಿಗೆ ಊರೇ ಬೆನ್ನು ತಿರುಗಿಸಿತು. ಎರಡನೆಯವನಾಗಿ, ಇಪ್ಪತ್ತನೆಯವನಾಗಿ ಹೋದವರೂ ತಿರುಗಿಸಿದರು. ಎಲ್ಲರ ತಪ್ಪನ್ನೂ ಒಬ್ಬನ ತಲೆಗೆ ಕಟ್ಟಿ ಕೈತೊಳೆದುಕೊಂಡರೆ ಊಟ ರುಚಿಸುತ್ತದಲ್ಲ.

ಕಾರ್ಖಾನೆ ಮುಚ್ಚಿದ ಬೇಸಿಗೆಯಲ್ಲೇ ಬೆಂಕಿಯಣ್ಣ ಹಿತ್ತಲಲ್ಲಿ ಡ್ರಮ್ಮು ಇಟ್ಟದ್ದು. ಎಲ್ಲರೂ ಚೆದುರಿಹೋಗುತ್ತಾರೆ, ವರ್ಷಕ್ಕೊಮ್ಮೆಯಾದರೂ ಮುಖ ನೋಡೋಣ ಎಂದು. ಮೊದಲ ವರ್ಷವೇ ಯಾರು ಯಾವತ್ತು ಒಳಗೆ ಹೋದರು ಎಂಬ ಮಾತು ಬಂದು, ಕಾರ್ಖಾನೆಯ ವ್ಯಾನ್ ಓಡಿಸುತ್ತಿದ್ದ, ಮುಷ್ಕರದಲ್ಲಿ ಕೂಗಿ ಕೂಗಿ ‘ಘೋಷಣೆ’ ಎಂದೇ ಹೆಸರಾದವನು ಜೋಳದ ತೆನೆಯಲ್ಲಿ ಒಬ್ಬನ ಬೆನ್ನಿಗೆ ಬಾರಿಸಿದ. ಅವನೂ ತೆನೆ ಎತ್ತಿಕೊಂಡ. ನಡುವಯಸ್ಸಿನ ಇಬ್ಬರು ಗಂಡಸರು ಅರೆಬೆಂದ ಜೋಳದಲ್ಲಿ ಕತ್ತಿವರಸೆ ಆಡಿದರು. ಅಂದೇ ಬೆಂಕಿಯಣ್ಣ ಕಾನೂನು ಮಾಡಿದ: ಈ ಹಿತ್ತಲಲ್ಲಿ ಕಾರ್ಖಾನೆಯ ಮಾತು ಎತ್ತುವ ಹಾಗಿಲ್ಲ. ಎತ್ತಿದವರು ಡ್ರಮ್ಮಿನ ಪಕ್ಕ ನಿಂತು ಬೆಂಕಿಗೆ ಗಾಳಿ ಹಾಕಬೇಕು, ಮುಂದಿನವರು ಬಾಯಿ ಜಾರುವವರೆಗೆ.

ಕಾರ್ಖಾನೆಯ ಹೊರತು ಬೇರೇನೂ ಸಮಾನವಿಲ್ಲದ ಇಪ್ಪತ್ತು ಮಂದಿ ಕಾರ್ಖಾನೆಯ ಮಾತೆತ್ತದೆ ಒಂದು ಮಧ್ಯಾಹ್ನ ಕಳೆಯಬೇಕು. ಅದೇ ದೊಡ್ಡ ತಮಾಷೆಯಾಯಿತು. ಅವರು ಕಾರ್ಖಾನೆಯನ್ನು ‘ಮಾವನ ಮನೆ’ ಎನ್ನತೊಡಗಿದರು. “ಮಾವನ ಮನೇಲಿ ಚಹಾ ನೀರಾಗಿರ್ತಿತ್ತು ಅಲ್ವಾ?” ಎಂದು ಒಬ್ಬ. “ಯಾವ ಮಾವ? ನಿಜವಾದ ಮಾವನ ಮನೆಯಾ? ಪ್ರಮಾಣ ಮಾಡು,” ಎಂದು ಇನ್ನೊಬ್ಬ. ಹಿಟ್ಟು ನಾದುವ ವಿಭಾಗದಲ್ಲಿದ್ದ ಹಿಟ್ಟಿನಕ್ಕ ನ್ಯಾಯಾಧೀಶೆ. ಅವಳು ಮದುವೆಯನ್ನೇ ಆಗದ ಘೋಷಣೆಗೆ ಮಾವನ ಮನೆ ಎಲ್ಲಿಂದ ಬಂತೆಂದು ಹಿಡಿದು ಗಾಳಿ ಹಾಕಿಸಿದ ವರ್ಷ ಜನ ನಕ್ಕು ನಕ್ಕು ಕುರ್ಚಿಯಿಂದ ಜಾರಿದರು.

ಶಾಂತಿಗಾಗಿ ಮಾಡಿದ ಕಾನೂನು ಎಂದು ಎಲ್ಲರೂ ನಂಬಿದ್ದರು. ನಿಜ ಗೊತ್ತಿದ್ದವರು ಇಬ್ಬರೇ, ಅವನು ಮತ್ತು ಅವನ ಹೆಂಡತಿ. ಡಬ್ಬಿ ಒಳಗೆ ಹೋದ ಹಿಂದಿನ ಸಂಜೆ ಬೆಂಕಿಯಣ್ಣ ತನ್ನ ನೀಲಿ ಸಮವಸ್ತ್ರ ಒಗೆಸಿದ್ದ. ಹೆಂಡತಿ ಇಸ್ತ್ರಿ ಹಾಕಿ ಕುರ್ಚಿಯ ಬೆನ್ನಿಗೆ ತೂಗುಹಾಕಿದ್ದಳು. ಬೆಳಿಗ್ಗೆ ಕೂತವರಿಗೆ ಒಂದು ಮಾತು ಹೇಳಿ, ಮಧ್ಯಾಹ್ನದ ಪಾಳಿಗೆ ತಾನು ಒಳಗೆ ಹೋಗುವುದೆಂದು ತೀರ್ಮಾನವಾಗಿತ್ತು. ಅಷ್ಟರಲ್ಲಿ ಡಬ್ಬಿ ಎದ್ದು ಹೋದ. ಬೆಂಕಿಯಣ್ಣನಿಗೆ ಎಂಥ ಸಿಟ್ಟು ಬಂತೆಂದರೆ, ಆ ಸಿಟ್ಟೇ ಅವನನ್ನು ಕೊನೆಯ ದಿನದವರೆಗೆ ಗೇಟಿನ ಮುಂದೆ ಕೂರಿಸಿತು. ಜನ ಅದನ್ನು ನಿಷ್ಠೆ ಎಂದರು. ಅವನು ಬೇಡವೆನ್ನಲಿಲ್ಲ. ಕಾರ್ಖಾನೆಯ ಮಾತೇ ಬರದಿದ್ದರೆ ಸಮವಸ್ತ್ರದ ಮಾತೂ ಬರುವುದಿಲ್ಲ.

ಆದರೆ ಪ್ರತಿ ವರ್ಷ ಇದ್ದಿಲು ಹೊತ್ತಿಸುವಾಗ ಅವನ ಕಣ್ಣು ಹಿತ್ತಲ ಬಾಗಿಲಿಗೆ ಹೋಗುತ್ತಿತ್ತು. ಸೈಕಲ್ಲಿನ ಹಿಂದೆ ಕೂತು ಬೆನ್ನಿಗೆ ಗುದ್ದುತ್ತಿದ್ದವನು ಇಲ್ಲದ ಕೂಟಕ್ಕೆ ಉಪ್ಪು ಕಮ್ಮಿ ಎನಿಸುತ್ತಿತ್ತು. ಕರೆಯಲು ಬಾಯಿ ಬರುತ್ತಿರಲಿಲ್ಲ. ಕರೆದರೆ ಸಮವಸ್ತ್ರದ ಮಾತನ್ನೂ ಹೇಳಬೇಕು.

ಈ ವರ್ಷ ಹೆಂಡತಿ ಕರೆದಳು, ಕರೆಯದ ಹಾಗೆ. ಅವಳದು ಹಿತ್ತಲ ಕೋಣೆಯಲ್ಲೊಂದು ಹೊಲಿಗೆ ಅಂಗಡಿ. ಡಬ್ಬಿ ಪ್ಯಾಂಟು ಗಿಡ್ಡ ಮಾಡಿಸಲು, ಬೆಂಕಿಯಣ್ಣ ಮನೆಯಲ್ಲಿಲ್ಲದ ಹೊತ್ತು ನೋಡಿಯೇ ಬಂದಿದ್ದ. “ಭಾನುವಾರ ಮಧ್ಯಾಹ್ನ ಬನ್ನಿ, ರೆಡಿ ಇರುತ್ತೆ,” ಎಂದಿದ್ದಳು.

ಬಂದ. ಹಿತ್ತಲ ಬಾಗಿಲು ತಳ್ಳಿದರೆ ಎದುರಿಗೆ ಹೊಗೆ, ಹೊಗೆಯೊಳಗೆ ಇಪ್ಪತ್ತು ಮುಖ. ಎಲ್ಲರ ಕೈಯಲ್ಲಿದ್ದ ತಟ್ಟೆಗಳು ಇದ್ದಲ್ಲೇ ನಿಂತವು.

“ಪ್ಯಾಂಟು,” ಎಂದ ಡಬ್ಬಿ, ಯಾರಿಗೆಂದಿಲ್ಲದೆ.

“ಒಂದು ಗುಂಡಿ ಬಾಕಿ ಇದೆ, ಕೂತ್ಕೊಳ್ಳಿ,” ಎಂದು ಬೆಂಕಿಯಣ್ಣನ ಹೆಂಡತಿ ಕುರ್ಚಿ ಎಳೆದು ಒಳಗೆ ಹೋದವಳು ಬರಲೇ ಇಲ್ಲ.

“ಆ ಗುಂಡಿ ಹೊಲಿಯೋಕೆ ಸಾಯಂಕಾಲ ಆಗುತ್ತೆ,” ಎಂದಳು ಹಿಟ್ಟಿನಕ್ಕ ಮುಖ ಗಂಟಿಕ್ಕಿಕೊಂಡೇ. ಯಾರೂ ನಗಲಿಲ್ಲ. ಡಬ್ಬಿ ಕುರ್ಚಿಯ ತುದಿಯಲ್ಲಿ ಕೂತ. ಹವೆಯ ಮಾತು ಬಂತು, ಟೊಮೆಟೊ ಬೆಲೆಯ ಮಾತು ಬಂತು, ಅವೂ ಮುಗಿದವು. ಬೆಂಕಿಯಣ್ಣ ತಲೆ ಎತ್ತದೆ ಒಂದೇ ತೆನೆಯನ್ನು ಮತ್ತೆ ಮತ್ತೆ ಮಗುಚುತ್ತಿದ್ದ. ಉಳಿದವು ಕರಿಯಾಗುತ್ತಿದ್ದವು. ಡಬ್ಬಿ ಅದನ್ನೇ ನೋಡುತ್ತಿದ್ದ. ನೋಡುತ್ತ ನೋಡುತ್ತ ಅವನ ಕೈ ತಾನಾಗಿ ಮೇಲೆದ್ದಿತು: ಅಂಗೈ ಕೆಳಗೆ, ಎರಡು ಸಲ.

ಬೆಂಕಿಯಣ್ಣನ ಎಡಗೈ ಇಲ್ಲದ ತಿರುಗಣಿ ಹುಡುಕುತ್ತ ಗಾಳಿಯಲ್ಲಿ ತಿರುಗಿತು.

“ಇದು ಫ್ಯಾಕ್ಟರಿ ಮಾತು,” ಎಂದ ಘೋಷಣೆ.

“ಮಾತೆಲ್ಲಿ ಆಡಿದ? ಬಾಯಿ ಮುಚ್ಚಿತ್ತು,” ಎಂದ ಒಬ್ಬ.

“ಕೈಯಲ್ಲಿ ಆಡಿದ. ಅಕ್ಕ, ತೀರ್ಪು ಹೇಳು.”

ಹಿಟ್ಟಿನಕ್ಕ ಇಬ್ಬರನ್ನೂ ನೋಡಿದಳು. “ಅವನಾಡಿದ್ದು ಇವನಿಗೆ ತಿಳೀತಲ್ಲ, ಹಾಗಾದ್ರೆ ಮಾತೇ. ಹೋಗಪ್ಪಾ ಡಬ್ಬಿ, ಗಾಳಿ ಹಾಕು.”

ಅವನ ಹೆಸರನ್ನು ಅವರಲ್ಲಿ ಯಾರಾದರೂ ಕರೆದು ಎಷ್ಟೋ ಕಾಲವಾಗಿತ್ತು. ಡಬ್ಬಿ ಎದ್ದು ಬಂದು ಬೀಸಣಿಗೆ ಎತ್ತಿಕೊಂಡ. ಇಬ್ಬರೂ ಪಕ್ಕಪಕ್ಕ ನಿಂತರು.

“ಜೋರಾಗಿ ಬೀಸಬೇಡ, ಬೂದಿ ಹಾರುತ್ತೆ,” ಎಂದ ಬೆಂಕಿಯಣ್ಣ.

“ನೀನು ಮೊದಲು ಆ ಮೂಲೆಯದು ತಿರುಗಿಸು. ಸತ್ತುಹೋಗಿದೆ ಅದು.” ಸ್ವಲ್ಪ ಹೊತ್ತು ಬೀಸಿ, ಬೆಂಕಿಯನ್ನೇ ನೋಡುತ್ತ ಡಬ್ಬಿ ಹೇಳಿದ: “ಹೇಗೂ ಶಿಕ್ಷೆ ಆಗಿದೆ, ಇನ್ನೊಂದು ಮಾತೂ ಆಡಿಬಿಡ್ತೀನಿ. ಮಗೂಗೆ ಹುಷಾರಿರಲಿಲ್ಲ, ಅದಕ್ಕೇ ಒಳಗೆ ಹೋದ ಅಂತ ನನ್ನ ಹೆಂಡತಿ ಹೇಳ್ಕೊಂಡು ಬಂದಳು. ಸುಳ್ಳು. ಮನೇಲಿ ಎಲ್ಲರೂ ಗುಂಡುಕಲ್ಲಿನ ಹಾಗಿದ್ರು. ನನಗೆ ಹೆದರಿಕೆ ಆಯ್ತು. ಅಷ್ಟೇ. ಹೋದೆ.”

ಬೆಂಕಿಯಣ್ಣ ಇಕ್ಕಳ ಕೆಳಗಿಟ್ಟ. ಅವನಿಗೆ ಆಗ ಎರಡು ದಾರಿಗಳಿದ್ದವು. ಬಿಡೋ, ಹಳೇದೆಲ್ಲ ಈಗ್ಯಾಕೆ ಎಂದು ದೊಡ್ಡ ಮನಸ್ಸು ಮಾಡಿ ಬೆನ್ನು ತಟ್ಟಬಹುದಿತ್ತು. ಎಲ್ಲರೂ ಕಣ್ಣೊರೆಸಿಕೊಂಡು ಅವನನ್ನೇ ಹೊಗಳುತ್ತಿದ್ದರು. ಕೈ ಅರ್ಧ ಎದ್ದೂ ಇತ್ತು. ಕೋಣೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಕೈ ಇಳಿಸಿದ.

“ನಾನೂ ಅವತ್ತೇ ಹೋಗೋನಿದ್ದೆ,” ಎಂದ, ಎಲ್ಲರಿಗೂ ಕೇಳುವ ಹಾಗೆ. “ಮಧ್ಯಾಹ್ನದ ಪಾಳಿಗೆ. ಬಟ್ಟೆ ಇಸ್ತ್ರಿ ಆಗಿ ಕುರ್ಚಿ ಮೇಲಿತ್ತು. ಇವನು ಮೊದಲು ಹೋದ. ಇವನ ಮೇಲಿನ ಸಿಟ್ಟಿಗೆ ನಾನು ಉಳಿದೆ. ಇಲ್ಲದಿದ್ರೆ ಇವನ ಜಾಗದಲ್ಲಿ ನಾನಿರ್ತಿದ್ದೆ.”

ಹಿಟ್ಟಿನಕ್ಕ, ಕೊನೆಯವರೆಗೂ ಗೇಟಿನ ಮುಂದೆ ಬೆಂಕಿಯಣ್ಣನ ಪಕ್ಕದಲ್ಲೇ ಕೂತಿದ್ದವಳು, ತಟ್ಟೆಯನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟಳು. “ನಾನು ಸಿಟ್ಟಿಗೆ ಕೂತಿರಲಿಲ್ಲ,” ಎಂದಳು. ಚೀಲ ತೆಗೆದುಕೊಂಡು ಹೊರಟೇಹೋದಳು. ಅವಳನ್ನು ತಡೆಯುವ ಬಾಯಿ ಅಲ್ಲಿ ಯಾರಿಗೂ ಇರಲಿಲ್ಲ.

ಡಬ್ಬಿ ಬೀಸುವುದನ್ನು ನಿಲ್ಲಿಸಿದ್ದ. ಅಪ್ಪಿಕೊಳ್ಳಲಿಲ್ಲ, ಅಳಲೂ ಇಲ್ಲ. ಅವನ ಮುಖ ನಿಧಾನವಾಗಿ ಕೆಂಪೇರಿತು.

“ಇಷ್ಟು ವರ್ಷ ನಿನ್ನ ಎದುರು ಬೀಳಬಾರದು ಅಂತ ನಾನು ಸುತ್ತು ಬಳಸಿ ಓಡಾಡಿದೀನಿ. ಹಾಲು ತರೋಕೂ. ನಿನ್ನಂಥವನಿಗೆ ಮುಖ ತೋರಿಸೋ ಯೋಗ್ಯತೆ ನನಗಿಲ್ಲ ಅಂತ. ಗೊತ್ತಾ?”

“ಗೊತ್ತು. ಕಿಟಕಿಯಿಂದ ನೋಡ್ತಿದ್ದೆ.”

“ನೋಡ್ತಿದ್ದೆ ಅಂತೆ. ನಾಚಿಕೆ ಇಲ್ಲದವನೇ.”

ಡಬ್ಬಿ ಬೀಸಣಿಗೆಯನ್ನು ಬೆಂಕಿಯಣ್ಣನ ಕಂಕುಳಿಗೆ ತುರುಕಿ ಹಿಂತಿರುಗಿದ. ಬಾಗಿಲ ಕಡೆಗೇ ಹೋಗುತ್ತಾನೆ ಎಂದು ಎಲ್ಲರೂ ಅಂದುಕೊಂಡರು. ಬೆಂಕಿಯಣ್ಣನೂ ಅಂದುಕೊಂಡ. ಡಬ್ಬಿ ಬಾಗಿಲ ತನಕ ಹೋದ. ಅಲ್ಲಿ ನಿಂತ. ಆಮೇಲೆ ಮೂಲೆಯಲ್ಲಿದ್ದ ತನ್ನ ಕುರ್ಚಿಯನ್ನು ಎಳೆದುಕೊಂಡು ಬಂದು ಹಿತ್ತಲ ನಟ್ಟನಡುವೆ, ಎಲ್ಲರ ಮಧ್ಯೆ ಹಾಕಿ, ಈ ಸಲ ತುದಿಯಲ್ಲಲ್ಲ, ಬೆನ್ನು ಪೂರ್ತಿ ಆನಿಸಿ ಕೂತ.

“ಹಸಿವಾಗಿದೆ,” ಎಂದ. “ನಾನು ಎದ್ದು ಬರಲ್ಲ. ನೀನೇ ತಂದುಕೊಡು.”

ಬೆಂಕಿಯಣ್ಣ ಇದ್ದುದರಲ್ಲಿ ಒಳ್ಳೆಯ ತೆನೆಯೊಂದನ್ನು ಆರಿಸಿ, ಬೆಣ್ಣೆ ಸವರಿ, ತಟ್ಟೆಯಲ್ಲಿಟ್ಟು, ಎರಡೂ ಕೈಯಲ್ಲಿ ಹಿಡಿದು ತಂದ. ಡಬ್ಬಿ ಅದನ್ನು ಎತ್ತಿ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದ. ಒಂದು ಕಡಿತ ಕಚ್ಚಿ, ಅಗಿದು, ತಟ್ಟೆಯನ್ನು ವಾಪಸು ಚಾಚಿದ.

“ಸೀದಿದೆ. ಬೇರೆ ತಾ.”

ಬೆಂಕಿಯಣ್ಣ ತಟ್ಟೆ ಹಿಡಿದುಕೊಂಡು ಡ್ರಮ್ಮಿನ ಕಡೆಗೆ ಓಡಿದ.