ಟಾಕೀಸಿನ ಪಕ್ಕದ ಬಾಗಿಲು

ಆಗ ನನಗೆ ಇಪ್ಪತ್ತೆರಡು. ಐವತ್ತು ವರ್ಷದ ಮೇಲಾಯಿತು. ಮೊನ್ನೆ ಕುಮಟೆ ಪೇಟೆಯಲ್ಲಿ ಹಸಿ ಸುಣ್ಣದ ವಾಸನೆ ಬಡಿಯಿತು, ನೋಡಿದರೆ ನಮ್ಮ ಹಳೆ ಟಾಕೀಸು. ಚಪ್ಪಲಿ ಕಳಚದೆ ಒಳಗೆ ನುಗ್ಗಿದೆ. ನಾನು ಕಲಿತದ್ದು ಎರಡನೇ ಇಯತ್ತೆ. ಅಕ್ಷರ ತಪ್ಪಿದ್ದರೆ ನೀವೇ ಸರಿ ಮಾಡಿಕೊಂಡು ಓದಿ.

ಆ ಟಾಕೀಸಿನ ಪಕ್ಕದ ಬಾಗಿಲು ಕಾಯುವುದು ಆಗ ನನ್ನ ಕೆಲಸವಾಗಿತ್ತು. ತದಡಿಯ ಹೆಂಗಸರು ಮೀನು ಮಾರಿ ಮುಗಿಸಿ ಮಧ್ಯಾಹ್ನದ ಆಟಕ್ಕೆ ಬರುತ್ತಿದ್ದರು. ಎದುರಿನಿಂದ ಬಂದರೆ ಕುರ್ಚಿಯವರು ಗೊಣಗುತ್ತಾರೆಂದು ಮಾಲೀಕರು ಅವರಿಗೆ ಬೇರೆ ಬಾಗಿಲು ಕೊಟ್ಟಿದ್ದರು. ಮರ್ಯಾದೆಗೆ ಕೊಟ್ಟದ್ದಲ್ಲ, ನಾತಕ್ಕೆ ಹೆದರಿ ಕೊಟ್ಟದ್ದು. ಬುಟ್ಟಿ ಹೊರಗೆ ಗೋಡೆಗುಂಟ ಸಾಲಾಗಿ. ತಲೆಯ ಸಿಂಬೆ ಮಾತ್ರ ಒಳಗೆ. ಬೆಂಚಿನ ಮೇಲೆ ಸಿಂಬೆ ಇಟ್ಟು ಕೂತರೆ ಆ ಜಾಗ ಅವಳದು, ಕಲೆಕ್ಟರ್ ಬಂದರೂ ಬಿಡುತ್ತಿರಲಿಲ್ಲ. ಕಾಗೆ, ಬೆಕ್ಕು ಓಡಿಸುತ್ತ ಮೊದಲರ್ಧ ನನಗೆ ಹೊರಗೇ ಕಳೆಯುತ್ತಿತ್ತು. ಇಂಟರ್‌ವಲ್ ಮುಗಿದ ಮೇಲೆ ಸೋಡಾದವನಿಗೆ ಕಾವಲು ಒಪ್ಪಿಸಿ ಒಳಗೆ ಹೋಗುತ್ತಿದ್ದೆ. ಹೀಗೆ ಹನ್ನೊಂದು ವರ್ಷ. ಯಾವ ಸಿನಿಮಾದಲ್ಲಿ ಯಾರು ಸತ್ತರೆಂದು ಕೇಳಿ, ಹೇಳುತ್ತೇನೆ. ಯಾಕೆ ಸತ್ತರೆಂದು ಕೇಳಬೇಡಿ. ಆದರೆ ಒಂದು ಬುಟ್ಟಿಯೂ ಅದಲುಬದಲಾಗಲಿಲ್ಲ.

ಆಮೇಲೆ ಟಾಕೀಸು ಮುಚ್ಚಿ ಸಿಮೆಂಟಿನ ಗೋದಾಮಾಯಿತು. ಈಗ ಮಾಲೀಕರ ಮೊಮ್ಮಗ ಸುಧೀರ ಅದನ್ನು ಮೊದಲು ಹೇಗಿತ್ತೋ ಹಾಗೇ ಮಾಡಲು ಹೊರಟಿದ್ದಾನೆ. ಮಂಗಳೂರು ಹಂಚು, ಮರದ ಕೈಯ ಕುರ್ಚಿ, ಗಾಜಿನ ಪೆಟ್ಟಿಗೆಯೊಳಗೆ ಹಳೆ ಮಶೀನು. ಚೆಂದವಾಗಿದೆ, ಸುಳ್ಳು ಯಾಕೆ. ನನ್ನ ಬಾಗಿಲು ಮಾತ್ರ ಇಲ್ಲ. ಅಲ್ಲಿ ಗೋಡೆ.

"ಅಜ್ಜಿ, ನಕ್ಷೆಯಲ್ಲಿ ಇಲ್ಲಿ ಬಾಗಿಲೇ ಇಲ್ಲ," ಎಂದ ಸುಧೀರ.

"ತಮಾ, ನಕ್ಷೆ ಬರೆದವ ಮೀನು ಮಾರೂಕೆ ಬಂದಿದ್ನ?"

ಆಗಿನ ಕಾಲಕ್ಕೆ ಟಿಕೆಟು ಕೊಡುತ್ತಿದ್ದ ವೆಂಕಟನೂ ಅಲ್ಲಿದ್ದ, ನನ್ನದೇ ಪ್ರಾಯದವ. "ಇವಳು ಬಾಗಿಲು ಕಾದದ್ದೆಲ್ಲಿ? ಬುಟ್ಟಿ ಕಾದದ್ದು!" ಎಂದು ನಕ್ಕ. ಅವನ ಕಿಟಕಿ ಎದುರಿಗಿತ್ತು. ಪಕ್ಕಕ್ಕೆ ಒಮ್ಮೆಯೂ ಬಂದವನಲ್ಲ. ನನಗೆ ಮೈ ಉರಿಯಿತು. ಇಲ್ಲದ ಬಾಗಿಲನ್ನು ಹನ್ನೊಂದು ವರ್ಷ ಕಾದೆನೇ?

"ಒಡೆದು ನೋಡು. ಇಲ್ದಿದ್ರೆ ಇನ್ನು ಈ ಕಡೆ ಕಾಲಿಡೂದಿಲ್ಲ," ಎಂದೆ.

ಪರದೆಯಿಂದ ಇಪ್ಪತ್ತು ಹೆಜ್ಜೆ. ಕತ್ತಲಲ್ಲಿ ದಿನಾ ನಡೆದದ್ದು, ಮರೆಯುವುದುಂಟೇ? ಎಣಿಸಿ ಜಾಗ ತೋರಿಸಿದೆ. ಮೇಸ್ತ್ರಿ ಗಾರೆ ಕೆತ್ತಿದ. ಚಿರೆಕಲ್ಲು. ಇನ್ನಷ್ಟು ಕೆತ್ತಿದ. ಚಿರೆಕಲ್ಲೇ.

"ಎಂತ ಬಾಗಿಲೇ ಮಾರಾಯ್ತಿ!" ಎಂದ ವೆಂಕಟ.

ಆಗ ನನ್ನ ಕಾಲು ನೋಡಿಕೊಂಡೆ. ಲೆಕ್ಕ ಇಪ್ಪತ್ತೆರಡರ ಕಾಲಿನದು, ನಡೆದದ್ದು ಎಪ್ಪತ್ತು ದಾಟಿದ ಕಾಲು. ಮತ್ತೆ ಏಳು ಹೆಜ್ಜೆ ಮುಂದೆ ಹೋಗಿ, "ಇಲ್ಲಿ," ಎಂದೆ. ಮೂರನೇ ಏಟಿಗೆ ಇಟ್ಟಿಗೆ ಉದುರಿತು. ಚಿರೆಕಲ್ಲಿನ ಗೋಡೆಯಲ್ಲಿ ಇಟ್ಟಿಗೆ ಎಲ್ಲಿಂದ ಬರಬೇಕು? ಬಾಗಿಲು ಕಿತ್ತು ತುಂಬಿದ್ದು. ಅದರ ಬಗಲಿಗೆ ಬಾಗಿಲಿನ ಚೌಕಟ್ಟು, ಹಲಸಿನ ದಾರಂದ, ಕಲ್ಲಿನ ಹಾಗೆ ನಿಂತಿತ್ತು. ವೆಂಕಟ ಕನ್ನಡಕ ಒರೆಸಿದ. ಸುಧೀರ ಕೈ ಮುಗಿದ.

"ಕೈ ಮುಗ್ದದ್ದು ಆತು, ಬಾಗಿಲು ಹಾಕ್ಸು."

ಹಾಕಿಸಿದ. ಮೊದಲ ಆಟಕ್ಕೆ ಅಲ್ಲಿ ನಾನೇ ನಿಂತೆ. ಬಂದವರೆಲ್ಲ ನನ್ನನ್ನು ನಿಲ್ಲಿಸಿ ಫೋಟೋ ಹೊಡೆದರು. ಎದೆ ಸೆಟೆಸಿಯೇ ನಿಂತಿದ್ದೆ, ನಾಚಿಕೆ ಎಂತಕ್ಕೆ? ಆದರೆ ಅವರಲ್ಲಿ ಮೀನು ಮಾರುವವಳು ಒಬ್ಬಳೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ತದಡಿಗೆ ಹೋದೆ. ಬಂದರಿನಲ್ಲಿ ಬಂಗಡೆ ಆರಿಸುತ್ತಿದ್ದ ಹೆಂಗಸರ ನಡುವೆ ನಿಂತು, "ಮೂರು ಗಂಟೆಗೆ ಆಟ. ಎದುರಿನ ದೊಡ್ಡ ಬಾಗಿಲಿಗೇ ಬನ್ನಿ. ಯಾರಾದ್ರೂ ಎಂತಾದ್ರೂ ಅಂದ್ರೆ ನನ್ನ ಹತ್ರ ಕಳ್ಸಿ," ಎಂದು ಹೇಳಿ ಬಂದೆ.