ತುಟಿಯ ದಾವೆ

ಬೋಳಾರದ ನಾಗಸ್ವರ ವಾದಕರೊಬ್ಬರು ನನ್ನ ಕಕ್ಷಿದಾರರು. ದಂತವೈದ್ಯರೊಬ್ಬರು ದವಡೆಹಲ್ಲನ್ನು ಒರಟಾಗಿ ಕಿತ್ತು ನರಕ್ಕೆ ಪೆಟ್ಟು ಮಾಡಿದ್ದರಿಂದ ಅವರ ಕೆಳತುಟಿ ಮರಗಟ್ಟಿತ್ತು. ಊದಲಾಗದೆ ಸಂಪಾದನೆ ನಿಂತದ್ದಕ್ಕೆ ಪರಿಹಾರ ಕೇಳಿ ದಾವೆ ಹಾಕಿದ್ದೆವು. ಸಾಕ್ಷ್ಯವೆಲ್ಲ ನಮ್ಮ ಕಡೆಗಿತ್ತು.

ವಿಚಾರಣೆಯ ದಿನ ಕೋರ್ಟಿನ ಜಗಲಿಯಲ್ಲಿ ಇವರು ನನ್ನನ್ನು ಕೇಳದೆಯೇ ವೈದ್ಯರಿಗೆ ಹೇಳಿಬಿಟ್ಟರು: “ನಿಮ್ಮ ತಪ್ಪಿಲ್ಲ ಅಂತ ದೈವದ ಎದುರು ಪ್ರಮಾಣ ಮಾಡಿ. ಕೇಸು ಬಿಡ್ತೇನೆ.”

“ಈಗಲೇ ಹೋಗುವ,” ಎಂದು ವೈದ್ಯರು ಟೊಪ್ಪಿ ಹಾಕಿಕೊಂಡರು.

ಕಕ್ಷಿದಾರರ ಮುಖ ಬಿಳಿಚಿತು. “ಬೇಡ, ಬೇಡ! ಸುಳ್ಳು ಪ್ರಮಾಣ ಅವರ ಮಕ್ಕಳಿಗೆ ತಾಗ್ತದೆ. ಕೇಸು ವಾಪಸು ತೆಗೆಯಿರಿ, ವಕೀಲರೇ.”

“ನಿಮ್ಮ ಹೊಟ್ಟೆಪಾಡಿಗೆ ಎಂತ ಮಾಡ್ತೀರಿ ಮಾರಾಯ್ರೆ?”

“ಡೋಲು ಬಾರಿಸ್ತೇನೆ.”

ದಾವೆ ವಾಪಸಾಯಿತು. ದೈವದ ಮೇಲೆ ನನಗೆ ನಂಬಿಕೆಯಿಲ್ಲ; ವೈದ್ಯರಿಗೂ ಇರಲಿಲ್ಲ. ನಂಬದವರಿಗೆ ಇಷ್ಟು ಅನುಕೂಲ ಮಾಡಿಕೊಡುವ ದೈವವನ್ನು ನಾನು ಬೇರೆಲ್ಲೂ ಕಂಡಿಲ್ಲ.