ನಳಕ್ಕೆ ಹೇಳಿದ ಕನಸು

ಕೆಟ್ಟ ಕನಸು ಬಿದ್ದರೆ ಎದ್ದ ಕೂಡಲೆ ಯಾರ ಜೊತೆಗೂ ಮಾತಾಡಬಾರದು. ಬಾಯಿ ಬಿಗಿ ಹಿಡಿದುಕೊಂಡು ಹರಿಯುವ ನೀರಿನ ಹತ್ತಿರ ಹೋಗಬೇಕು. ಕಂಡದ್ದನ್ನೆಲ್ಲ ನೀರಿಗೆ ಹೇಳಿ, ಉಗುಳಿ, ಹಿಂದೆ ತಿರುಗಿ ನೋಡದೆ ಮನೆಗೆ ಬರಬೇಕು. ಕುಲಗೋಡದಲ್ಲಿ ನಮ್ಮವ್ವ ನಮಗೆ ಕಲಿಸಿದ್ದು ಹೀಗೆ. ನಮ್ಮ ಮಂದಿ ಶಕುನ ಗಿಕುನ ನಂಬಬಾರದು ಎಂದು ಮಠದಲ್ಲಿ ಹೇಳುತ್ತಾರೆ. ಹೇಳಲಿ. ಅವ್ವ ಮಠಕ್ಕೂ ಹೋಗುತ್ತಿದ್ದಳು, ಕೆನಾಲಿಗೂ ಹೋಗುತ್ತಿದ್ದಳು.

ಈಗ ನಾನಿರುವುದು ಗೋಕಾಕದಲ್ಲಿ, ಮಗನ ಮನೆಯಲ್ಲಿ. ಹೊಳೆ ದೂರವಿಲ್ಲ, ಆದರೆ ಆ ಇಳಿಜಾರಿಗೂ ನನ್ನ ಮೊಣಕಾಲಿಗೂ ಆಗಿಬರುವುದಿಲ್ಲ. ಅದಕ್ಕೆ ನಾನೇ ಒಂದು ಸಲೀಸು ದಾರಿ ಮಾಡಿಕೊಂಡಿದ್ದೆ. ಬಚ್ಚಲಿಗೆ ಹೋಗಿ, ಬಾಗಿಲು ಹಾಕಿ, ನಳ ಬಿಟ್ಟು, ಅದಕ್ಕೇ ಹೇಳಿಬಿಡುವುದು. ನಳದ ನೀರೂ ಹರಿಯುತ್ತದೆ. ಬಚ್ಚಲಿಗೆ ಒಂದು ಕಿಟಕಿ ಇದೆ, ಅದರ ಆಚೆಗೆ ಮೊಮ್ಮಗಳು ನಿಂತು ಹಲ್ಲುಜ್ಜುತ್ತಾಳೆ ಎನ್ನುವುದು ಮಾತ್ರ ನನ್ನ ತಲೆಗೆ ಹೋಗಿರಲಿಲ್ಲ.

ಒಂದು ದಿನ ನನಗೆ ಬಿದ್ದ ಕನಸು ನನ್ನ ಅಕ್ಕನದು. ಅಕ್ಕ ಹುಕ್ಕೇರಿಯಲ್ಲಿರುತ್ತಾಳೆ, ನನಗಿಂತ ಐದು ವರ್ಷಕ್ಕೆ ದೊಡ್ಡವಳು. ಕನಸಿನಲ್ಲಿ ಅವಳು ಮದುವಣಗಿತ್ತಿ. ಬಿಳಿ ಕೂದಲಿಗೆ ಮಲ್ಲಿಗೆಯ ದಂಡೆ, ಹಣೆಗೆ ಬಾಸಿಂಗ, ಮೊಣಕೈವರೆಗೆ ಹಸಿರು ಬಳೆ. ನಾನು ಒಲೆಯ ಮುಂದೆ ಕೂತು ಹೋಳಿಗೆ ಲಟ್ಟಿಸುತ್ತಿದ್ದೆ. ಅವಳು ಬಾಗಿಲಲ್ಲಿ ನಿಂತು "ಹೊಕ್ಕೇನಿ" ಎಂದಳು. ಹೋಗುತ್ತೇನೆ ಎಂದಷ್ಟೇ, ಹೋಗಿ ಬರ್ತೇನಿ ಅನ್ನಲಿಲ್ಲ. ನಮ್ಮಲ್ಲಿ ಮನೆ ಬಿಡುವವರು ಯಾರೂ ಬರೀ ಹೊಕ್ಕೇನಿ ಅನ್ನುವುದಿಲ್ಲ, ಬರ್ತೇನಿ ಅನ್ನಲೇಬೇಕು. ನಾನು ಏಳಲಿಲ್ಲ. ಹೆಂಚಿನ ಮೇಲಿನ ಹೋಳಿಗೆ ಹೊತ್ತುತ್ತದೆ ಎಂದು ಅದನ್ನೇ ನೋಡುತ್ತ ಕೂತೆ. ಅಷ್ಟಕ್ಕೆ ಎಚ್ಚರವಾಯಿತು.

ಕನಸಿನಲ್ಲಿ ಮದುವೆ ಕಂಡರೆ ಸಾವು. ಇದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು.

ಅದನ್ನೂ ನಳಕ್ಕೆ ಹೇಳಿದೆ. ಬೇರೆ ಸಮಯದಲ್ಲಾಗಿದ್ದರೆ ಅಷ್ಟಕ್ಕೆ ಮರೆತುಬಿಡುತ್ತಿದ್ದೆ. ಆದರೆ ಅಕ್ಕನ ಹೊಟ್ಟೆಯಲ್ಲಿ ಗಡ್ಡೆ ಇತ್ತು. ಸಂಕೇಶ್ವರದ ಡಾಕ್ಟರರು ಆಪರೇಷನ್ನಿಗೆ ತಾರೀಖು ಕೊಟ್ಟಿದ್ದರು. ಮೊದಲನೆಯ ತಾರೀಖಿಗೆ ಅಕ್ಕ ಹೋಗಲಿಲ್ಲ, ಹಿಂದಿನ ದಿನ ಹಲ್ಲು ಬಿದ್ದ ಕನಸು ಕಂಡಿದ್ದಳು. ಅವಳ ಬಾಯಲ್ಲಿರುವುದು ಕಟ್ಟಿಸಿದ ಹಲ್ಲು, ಅವು ರಾತ್ರಿ ಡಬ್ಬಿಯಲ್ಲಿರುತ್ತವೆ, ಆದರೂ ಹೋಗಲಿಲ್ಲ. ಎರಡನೆಯ ತಾರೀಖಿಗೆ ಕನಸಿನಲ್ಲಿ ನಮ್ಮವ್ವ ಬಂದು ಕೈ ಮಾಡಿ ಕರೆದಳಂತೆ. ಮತ್ತೆ ಹೋಗಲಿಲ್ಲ. ಡಾಕ್ಟರರು ಅವಳ ಮಗನನ್ನು ಒಳಗೆ ಕರೆದು, ಇದು ಕಡೆಯ ತಾರೀಖು, ಗಡ್ಡೆ ಒಳಗೇ ಒಡೆದರೆ ನಮ್ಮ ಕೈಯಲ್ಲಿ ಏನೂ ಇಲ್ಲ ಎಂದು ಹೇಳಿ ಕಳಿಸಿದ್ದರು. ನಾನು ಕಂಡ ಕನಸು ಅಕ್ಕನ ಕಿವಿಗೆ ಬಿದ್ದರೆ ಅವಳು ಈ ಸಲವೂ ಹೋಗುವುದಿಲ್ಲ. ನನಗೆ ಬೇಕಾಗಿದ್ದದ್ದು ಒಂದೇ, ಆ ಕನಸು ಮೋರಿಯೊಳಗೇ ಇರಬೇಕು.

ಮೊಮ್ಮಗಳು ಕಾಲೇಜಿಗೆ ಹೋಗುತ್ತಾಳೆ. ಅವಳಿಗೂ ಅವಳ ಗೆಳತಿಯರಿಗೂ ನಾಟಕದ ಹುಚ್ಚು. ಒಂದು ಸಂಜೆ ಅವರು ನಮ್ಮ ಮಾಳಿಗೆಯ ಮೇಲೆ ತಾಲೀಮು ಮಾಡುತ್ತಿದ್ದರು. ಒಣಹಾಕಿದ ಮೆಣಸಿನಕಾಯಿ ತರಲು ನಾನು ಮೆಟ್ಟಿಲು ಹತ್ತಿದೆ. ಅಲ್ಲಿ ಒಬ್ಬಳು ಹುಡುಗಿ ಬೆನ್ನು ಬಗ್ಗಿಸಿ, ಸೊಂಟದ ಮೇಲೆ ಒಂದು ಕೈಯಿಟ್ಟು ಕೂತು ಹೋಳಿಗೆ ಲಟ್ಟಿಸುವಂತೆ ನಟಿಸುತ್ತಿದ್ದಳು. ಮೂಗಿಗೆ ನನ್ನ ಹಳೆಯ ಮೂಗುತಿ. ಇನ್ನೊಬ್ಬಳು ಬಾಗಿಲ ಹಾಗೆ ಇಟ್ಟ ಎರಡು ಕುರ್ಚಿಗಳ ನಡುವೆ ಬಾಸಿಂಗ ಕಟ್ಟಿಕೊಂಡು ನಿಂತು "ಹೊಕ್ಕೇನಿ" ಎಂದಳು.

ಮೆಣಸಿನಕಾಯಿ ಬಿಟ್ಟು ಕೆಳಗೆ ಬಂದೆ. ಗೆಳತಿಯರೆಲ್ಲ ಹೋದ ಮೇಲೆ ಮೊಮ್ಮಗಳನ್ನು ಹಿಡಿದೆ.

"ಬಚ್ಚಲ ಕಿಟಕ್ಯಾಗ ಕಿವಿ ಇಟ್ಟ ನಿಂದ್ರತಿಯೇನು?"

"ನಾ ಹಲ್ಲ ತಿಕ್ಕಾಕತ್ತಿದ್ದೆ ಆಯಿ. ನೀನ ಒದರಿ ಹೇಳಿದಿ. ನಳದ ಸಪ್ಪಳಕ ನಿನಗ ತಿಳದಿಲ್ಲ."

"ಅದು ನನ್ನ ಕನಸು. ತಗದು ಹಾಕು."

"ಕನಸ ನಿಂದು, ನಾಟಕ ನಂದು. ಅದರಾಗಿನ ಮುದುಕಿ ನೀ ಅಲ್ಲ, ಅದು ಪಾತ್ರ."

"ಪಾತ್ರಕ್ಕ ನನ್ನ ಮೂಗುತಿ ಯಾಕ? ಮತ್ತ ನಾ ಯಾವತ್ತ ಹಂಗ ಬಗ್ಗಿ ಕುಂತೇನಿ? ನನ್ನ ಬೆನ್ನ ನೆಟ್ಟಗೈತಿ."

"ಮುದುಕ್ಯಾರು ಬಗ್ಗಿರತಾರ ಆಯಿ. ನೋಡಾವರಿಗೆ ತಿಳೀಬೇಕಲ್ಲ."

ನಾನು ಓದಿದ್ದು ನಾಲ್ಕನೆಯ ಇಯತ್ತೆವರೆಗೆ. ಕಥೆ ಕಟ್ಟುವವರ ವಿಚಾರ ನನಗೆ ತಿಳಿಯುವುದಿಲ್ಲ. ನನ್ನ ತಲೆಯೊಳಗಿನ ಒಲೆಯ ಮುಂದೆ ಬೇರೆ ಹುಡುಗಿ ಕೂತಿದ್ದಾಳೆ, ನನ್ನ ಮೂಗುತಿ ಹಾಕಿದ್ದಾಳೆ, ಕೇಳಿದರೆ ಅದು ನೀನಲ್ಲ ಎನ್ನುತ್ತಾರೆ. ಹಾಗಾದರೆ ನಾನೆಲ್ಲಿ ಕೂರಬೇಕು? ಆದರೆ ನನ್ನ ಸಿಟ್ಟು ಅದಕ್ಕಲ್ಲ.

"ನಿಮ್ಮ ದೊಡ್ಡಾಯಿ ನೋಡಿದಳಂದ್ರ ದವಾಖಾನಿಗೆ ಹೋಗಾಂಗಿಲ್ಲ. ಗೊತ್ತೈತಿಲ್ಲ?"

ಹುಡುಗಿ ಹೇಳಿದಳು, "ಕರದಾತಲ್ಲ. ಮೊನ್ನೇನ ಫೋನ್ ಮಾಡಿ ಕರದೇನಿ. ಬರ್ತೇನಿ ಅಂದಾಳ."

ಕೈಯಲ್ಲಿ ಲಟ್ಟಣಿಗೆ ಇರಲಿಲ್ಲ, ಅದು ಅವಳ ಪುಣ್ಯ.

ಅಕ್ಕ ಆಪರೇಷನ್ನಿನ ಹಿಂದಿನ ದಿನ ಮುಂಜಾನೆ ಗೋಕಾಕಕ್ಕೆ ಬಂದಿಳಿದಳು. "ಏನಾರ ಹೆಚ್ಚು ಕಡಿಮಿ ಆದ್ರ ನಿನ್ನ ಕೈಯಾನ ರೊಟ್ಟಿ ಉಂಡ ಹೋದಂಗ ಆಗ್ತೈತಿ, ಮತ್ತ ಹುಡುಗಿ ನಾಟಕ ನೋಡಿದಂಗೂ ಆಗ್ತೈತಿ" ಎಂದಳು. ಅವಳ ಮಗ ಮರುದಿನ ನೇರವಾಗಿ ಸಂಕೇಶ್ವರಕ್ಕೆ ಬರುವವನಿದ್ದ.

ಮಧ್ಯಾಹ್ನ ನಾನು ಮೊಣಕಾಲು ಹಿಡಿದುಕೊಂಡು ಮಲಗಿದೆ. "ನನಗ ಏಳಾಕ ಆಗವಲ್ತು. ಇಬ್ಬರೂ ಮನ್ಯಾಗ ಇರೂಣು."

"ನೀ ಮಲಕೊ. ನಾ ರಿಕ್ಷಾ ಮಾಡ್ಕೊಂಡ ಹೋಗಿ ಬರ್ತೇನಿ."

ಎದ್ದೆ. ಒಬ್ಬಳನ್ನೇ ಕಳಿಸುವುದಕ್ಕಿಂತ ಬಾಜೂಕ್ಕೆ ಕೂರುವುದು ಒಳ್ಳೆಯದು.

ಅಕ್ಕನ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ಕುಲಗೋಡದಲ್ಲಿ ನಾವಿಬ್ಬರೂ ಒಂದೇ ಕೌದಿಯಲ್ಲಿ ಮಲಗುತ್ತಿದ್ದೆವು. ಮುಂಜಾನೆ ಅವಳು ತನ್ನ ಕನಸು ಹೇಳುತ್ತಿದ್ದಳು. ಕನಸು ಅರ್ಧಕ್ಕೆ ನಿಂತಿದ್ದರೆ ಬಾಯಿಂದಲೇ ಮುಗಿಸುತ್ತಿದ್ದಳು. ಬಾವಿಗೆ ಬಿದ್ದವಳು ಎಮ್ಮೆಯ ಬಾಲ ಹಿಡಿದು ಮೇಲೆ ಬರುತ್ತಿದ್ದಳು, ಹಾವು ಕಚ್ಚಿದವಳಿಗೆ ಹಾವೇ ಔಷಧ ತರುತ್ತಿತ್ತು. ಸುಳ್ಳು ಹೇಳ್ತಿ ಎಂದು ನಾನು ಗುದ್ದಾಡುತ್ತಿದ್ದೆ. "ಅರ್ಧಕ್ಕ ಬಿಟ್ರ ಅದು ದಿನಾ ಬರ್ತೈತಿ, ಮುಗಿಸಬೇಕು" ಅನ್ನುತ್ತಿದ್ದಳು. ಮುದುಕಿಯಾದ ಮೇಲೆ ಅವಳಿಗೆ ಮುಗಿಸುವುದು ಮರೆತುಹೋಗಿತ್ತು, ಹೆದರುವುದಷ್ಟೇ ಉಳಿದಿತ್ತು.

ಸಂಜೆ ಕಾಲೇಜಿನ ಸಭಾಂಗಣ ತುಂಬಿತ್ತು. ನಾವು ಮುಂದಿನ ಸಾಲಿನಲ್ಲಿ ಕೂತೆವು. ಅಕ್ಕ ಎಲೆ ಅಡಿಕೆ ಮೆಲ್ಲುತ್ತಿದ್ದಳು. ಪರದೆ ಸರಿದು ಬಗ್ಗಿದ ಬೆನ್ನಿನ ಹುಡುಗಿ ಕಾಣಿಸಿದ ಕೂಡಲೆ, "ಅಯ್ಯ, ನೀನ ಅಲ್ಲೇನ ಅಕಿ? ಮೂಗುತಿ ನೋಡು" ಎಂದು ನನ್ನ ತೊಡೆಗೆ ಬಡಿದಳು. ಮಂದಿ ನಕ್ಕರು. ಅವಳೂ ನಕ್ಕಳು. ನನಗೆ ನಗು ಬರಲಿಲ್ಲ. ನನ್ನ ಕಣ್ಣು ಅವಳ ಬಾಯಿಯ ಮೇಲಿತ್ತು, ದವಡೆ ಆಡುತ್ತಿತ್ತು.

ಬಾಗಿಲಲ್ಲಿ ಬಾಸಿಂಗದ ಹುಡುಗಿ ಬಂದು ನಿಂತಳು. ಹುಡುಗಿಯ ತಲೆಗೆ ಬಿಳಿ ಬಣ್ಣ ಬಳಿದಿದ್ದರು. ಕೈಯಲ್ಲಿ ಹಸಿರು ಬಳೆ.

ಅಕ್ಕನ ದವಡೆ ನಿಂತಿತು.

ಅವಳ ಕೈ ನನ್ನ ತೊಡೆಯ ಮೇಲೇ ಇತ್ತು. ನಾನು ಅವಳ ಕಡೆ ನೋಡಲಿಲ್ಲ, ಅವಳೂ ನನ್ನ ಕಡೆ ನೋಡಲಿಲ್ಲ. ಏನಾದರೂ ನೆಪ ಹೇಳಿ ಎಬ್ಬಿಸಿಕೊಂಡು ಹೋಗಲೇ ಎಂದು ಬಾಯಿ ತೆರೆಯುವಷ್ಟರಲ್ಲಿ ರಂಗದ ಮೇಲಿನ ಹುಡುಗಿ "ಹೊಕ್ಕೇನಿ" ಎಂದಳು.

ಅಲ್ಲಿಗೆ ನನ್ನ ಕನಸು ಮುಗಿಯಬೇಕಿತ್ತು. ಮುಗಿಯಲಿಲ್ಲ. ಒಲೆಯ ಮುಂದಿನ ಮುದುಕಿ ಎದ್ದಳು. ಕೈಗೆ ಕಣಕ ಮೆತ್ತಿತ್ತು. ಹೆಂಚಿನ ಮೇಲಿನ ಹೋಳಿಗೆ ಬಿಟ್ಟು, ಬಗ್ಗಿದ ಬೆನ್ನು ಎತ್ತಿ ಹೋಗಿ, ಬಾಗಿಲ ಎರಡೂ ಕಡೆಗೆ ಕೈ ಊರಿ ನಿಂತಳು. "ಬರ್ತೇನಿ ಅನ್ನು" ಎಂದಳು. ಮದುವಣಗಿತ್ತಿ ಅನ್ನಲಿಲ್ಲ. "ಬರ್ತೇನಿ ಅನ್ನೂ ಮಟ ನಾ ಸರಿಯಾಂಗಿಲ್ಲ." ಹಿಂದೆ ಹೋಳಿಗೆ ಹೊತ್ತಿ ಹೊಗೆ ಏಳುತ್ತಿತ್ತು. ಇಬ್ಬರೂ ಹಾಗೇ ನಿಂತಿರುವಾಗ ಪರದೆ ಬಿತ್ತು.

ಮಂದಿ ಚಪ್ಪಾಳೆ ಹೊಡೆದರು. ಅಕ್ಕ ಹೊಡೆಯಲಿಲ್ಲ. ಬಾಯಲ್ಲಿದ್ದ ಎಲೆಯನ್ನು ಹೊರಗೆ ಬಂದು ಉಗುಳಿದಳು. ನಾವು ಮೂವರೂ ಒಂದೇ ರಿಕ್ಷಾ ಹತ್ತಿದೆವು. ಗೆಳತಿಯರಿಗೆ ಬಳಿದ ಬಣ್ಣ ಮೊಮ್ಮಗಳ ಕೈಯಲ್ಲಿ ಬೆವರಿಗೆ ಇಳಿಯುತ್ತಿತ್ತು. ಈ ಹುಡುಗಿಗೂ ಈಗ ಹೆದರಿಕೆ ಹತ್ತಿತು ಎಂದುಕೊಂಡೆ. ಹತ್ತಲಿ.

ಮನೆಗೆ ಬಂದು ಅಕ್ಕ ಕಟ್ಟೆಯ ಮೇಲೆ ಕೂತಳು.

"ಕನಸ ಯಾರಿಗೆ ಬಿದ್ದಿತ್ತು?"

"ನನಗ."

"ಬೆಳಗಿನ ಜಾವಕ್ಕೋ?"

ಬೆಳಗಿನ ಜಾವದ ಕನಸು ಖರೆ ಆಗುತ್ತದೆ ಎನ್ನುತ್ತಾರೆ. ಸುಳ್ಳು ಹೇಳಬಹುದಿತ್ತು. "ಹೂಂ" ಎಂದೆ.

"ಹೊಳಿಗೆ ಹೇಳಿದಿ?"

"ನಳಕ್ಕ."

"ನಳಕ್ಕ!" ಅಕ್ಕ ಎದ್ದು ನಿಂತಳು. "ನನ್ನ ಸಾವನ್ನ ಬಚ್ಚಲ ಮೋರಿಗೆ ಬಿಟ್ಟಿ? ನಾಕ ಹೆಜ್ಜಿ ಹೊಳಿಗೆ ಹೋಗಾಕ ನಿನಗ ಕಾಲ ಇರಲಿಲ್ಲ?"

"ಇರಲಿಲ್ಲ. ನಿನ್ನ ಸಲುವಾಗಿ ಹೊಸ ಕಾಲ ಎಲ್ಲಿಂದ ತರ್ಲಿ?"

ಅಕ್ಕ ನನ್ನನ್ನು ಅಲ್ಲೇ ಬಿಟ್ಟು ಮೊಮ್ಮಗಳ ಕಡೆ ತಿರುಗಿದಳು.

"ಏ ಹುಡುಗಿ. ಇಕಿ ಎದ್ದು ಬಾಗಲಕ್ಕ ಬಂದದ್ದು ಇಕಿ ಕನಸಿನ್ಯಾಗ ಇತ್ತೇನು?"

"ಇಲ್ಲ ದೊಡ್ಡಾಯಿ. ಆಯಿ ಕುಂತ ಇದ್ದಳಂತ. ಅಷ್ಟಕ್ಕ ಎಚ್ಚರಾತಂತ. ನನಗ ಅದು ಅರ್ಧಾ ಅನಸ್ತು, ಮುಂದಿಂದು ನಾ ಮಾಡಿದೆ."

"ನಿನಗ ಯಾರು ಹೇಳಿಕೊಟ್ಟರು, ಅರ್ಧ ಕನಸು ಮುಗಿಸಬೇಕಂತ?"

"ಯಾರೂ ಇಲ್ಲ. ಹಂಗ ಬಿಟ್ರ ದಿನಾ ತಲ್ಯಾಗ ಬರಾಕತ್ತಿತ್ತು."

ಅಕ್ಕ ಬಹಳ ಹೊತ್ತು ಹುಡುಗಿಯ ಮುಖ ನೋಡಿದಳು. ಅಕ್ಕ ಒಲ್ಲೆ ಎಂದರೆ ಅವಳ ಮಗನಿಗೆ ಏನು ಹೇಳುವುದು, ಡಾಕ್ಟರರಿಗೆ ಏನು ಹೇಳುವುದು.

"ನೀನೂ ಪೂರಾ ಮುಗಿಸಿಲ್ಲ" ಎಂದಳು ಅಕ್ಕ. "ಅಕಿ ಬರ್ತೇನಿ ಅಂದಳೋ ಇಲ್ಲೋ? ಅಷ್ಟ ಮಂದಿ ಮುಂದ ನನ್ನ ಬಾಗಲಾಗ ನಿಂದ್ರಿಸಿ ಪರದಿ ಹಾಕಿದಿ." ಆಮೇಲೆ ನನ್ನ ಕಡೆ ತಿರುಗಿ, "ಸಂಕೇಶ್ವರ ಬಸ್ಸ ಮುಂಜಾನಿ ಎಷ್ಟಕ್ಕೈತಿ?" ಎಂದಳು.

ಹೋಗುತ್ತೇನೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಮರುದಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ನಂಬಲಿಲ್ಲ. ಹುಕ್ಕೇರಿ ಬಂದಾಗ ಅಲ್ಲೇ ಇಳಿದು ಮನೆಗೆ ಹೋಗಿಬಿಡುತ್ತಾಳೆ ಎಂದು ಅವಳ ಚೀಲ ನನ್ನ ಕಾಲಡಿ ಒತ್ತಿ ಇಟ್ಟುಕೊಂಡಿದ್ದೆ. ಬಸ್ಸು ನಿಂತಿತು. ಅಕ್ಕ ಕಿಟಕಿಯಿಂದ ತನ್ನ ಓಣಿಯ ಕಡೆ ನೋಡಿದಳು. ಇಳಿಯಲಿಲ್ಲ.

ದವಾಖಾನೆಯಲ್ಲಿ ಅವಳ ಹಲ್ಲು, ಬಳೆ, ಕೊರಳಿನ ಲಿಂಗ ಎಲ್ಲ ತೆಗೆಸಿದರು. ಲಿಂಗವನ್ನು ನಾನೇ ಬಿಚ್ಚಿ ನನ್ನ ಕೊರಳಿಗೆ ಹಾಕಿಕೊಂಡೆ. ಹಸಿರು ಅಂಗಿ ತೊಡಿಸಿ, ತಲೆಗೆ ಹಸಿರು ಟೊಪ್ಪಿಗೆ ಹಾಕಿ, ಗಾಲಿಮಂಚದ ಮೇಲೆ ಮಲಗಿಸಿ ತಳ್ಳಿಕೊಂಡು ಬಂದರು. ಅವಳ ಮಗ ಔಷಧ ತರಲು ಹೋಗಿದ್ದ. ನಾನು ಗೋಡೆಗೆ ಹಚ್ಚಿದ ಬಾಕಿನ ಮೇಲೆ ಕೂತಿದ್ದೆ.

ಅಕ್ಕ ಮಲಗಿದಲ್ಲಿಂದಲೇ ನನ್ನ ಕಡೆ ನೋಡಿ, ಹಲ್ಲಿಲ್ಲದ ಬಾಯಲ್ಲಿ "ಹೊಕ್ಕೇನಿ" ಎಂದಳು.

ನಾನು ಎದ್ದೆ. ಬಹಳ ಹೊತ್ತು ಕೂತು ಮೊಣಕಾಲು ಹಿಡಿದಿತ್ತು, ಏಳುವುದು ಹೇಗೂ ಇತ್ತು. ಎದ್ದವಳು ಹೋಗಿ ಆಪರೇಷನ್ ಕೋಣೆಯ ಬಾಗಿಲಿಗೆ ಬೆನ್ನು ಹಚ್ಚಿ ನಿಂತೆ.

"ಅಜ್ಜಿ, ಬಾಜೂ ಸರೀರಿ" ಎಂದಳು ನರ್ಸು. "ಡಾಕ್ಟರು ಒಳಗ ಕಾಯಾಕತ್ತಾರ."

"ಕಾಯಲಿ. ಬರ್ತೇನಿ ಅನ್ನು."

"ಏ, ಎಷ್ಟ ನಾಟಕ ಮಾಡ್ತಿ! ಬಾಜೂ ಸರಿ" ಎಂದಳು ಅಕ್ಕ.

"ಅನ್ನು."

ನರ್ಸು ಮಂಚವನ್ನು ನನ್ನ ಹೊಟ್ಟೆಗೆ ತಾಗುವವರೆಗೆ ತಳ್ಳಿದಳು. ನಾನು ಸರಿಯಲಿಲ್ಲ. ನನ್ನ ಕೈಗಳು ಬಾಗಿಲ ಎರಡೂ ಕಡೆಗೆ ಹೋಗಿದ್ದವು. ಆ ಹುಡುಗಿ ನಿಂತಿದ್ದ ಹಾಗೇ ನಿಂತಿದ್ದೆನೇನೋ, ಗೊತ್ತಿಲ್ಲ. ಬೆನ್ನು ಮಾತ್ರ ನೆಟ್ಟಗಿತ್ತು.

ಅಕ್ಕ ಕಣ್ಣನ್ನು ಮೇಲಿನ ಚಾವಣಿಗೆ ತಿರುಗಿಸಿದಳು. ಆಮೇಲೆ, "ಹೋಗಿ ಬರ್ತೇನಿ. ಸಾಕೇನು? ಬಂದಿಂದ ಹೋಳಗಿ ಮಾಡು, ಹೊತ್ತಿಸಬ್ಯಾಡ" ಎಂದಳು.

ಸರಿದೆ.

ಗಡ್ಡೆ ತೆಗೆದರು. ಮಧ್ಯಾಹ್ನ ಎಚ್ಚರವಾದಾಗ ಅವಳು ಮೊದಲು ಕೇಳಿದ್ದು ಹಲ್ಲಿನ ಡಬ್ಬಿ. ಎರಡನೆಯದು, "ಆ ಹುಡುಗಿಗೆ ಫೋನ್ ಹಚ್ಚು. ಅಕಿ ಬರ್ತೇನಿ ಅಂದಳಂತ ಹೇಳು, ಬರಕೊಳ್ಳಲಿ."